ಹಲಸಿನ ಬೋಗುಣಿಯ ಗೋಡೆ ಎಷ್ಟು ದಪ್ಪ ಇರಬೇಕು? ಎರಡು ಒಡೆದವು, ಮೂರನೆಯದಕ್ಕೆ ಕೈ ಹಚ್ಚುವ ಮೊದಲು ಕೇಳುತ್ತಿದ್ದೇನೆ

ತೋಟದಮನೆ, ಬದಿಯಡ್ಕ (ಜೂನ್ 18)

ಎಲ್ಲರಿಗೂ ನಮಸ್ಕಾರ. ಮೇ ಕೊನೆಯ ಗಾಳಿಮಳೆಗೆ ನಮ್ಮ ಕೊಟ್ಟಿಗೆಯ ಹಿಂದಿದ್ದ ಹಲಸಿನ ಮರ ಬುಡಸಮೇತ ಉರುಳಿತು. ಅಜ್ಜ ನೆಟ್ಟ ಬಕ್ಕೆ ಹಲಸು. ಬೊಡ್ಡೆಯನ್ನು ಮಿಲ್ಲಿಗೆ ಸಾಗಿಸಿ ಹಲಗೆ ಕೊಯ್ಯಿಸಿದೆವು. ದಪ್ಪ ಕೊಂಬೆಗಳನ್ನು ಸೌದೆಗೆ ಹಾಕಲು ಮನಸ್ಸು ಬರಲಿಲ್ಲ. ನಾವು ಒಡಹುಟ್ಟಿದವರು ನಾಲ್ವರು. ಆ ಮರದಿಂದಲೇ ತಲಾ ಒಂದು ಬೋಗುಣಿ ಕಡೆದು ಕೊಡಬೇಕೆಂದು ನನ್ನ ಆಸೆ. ಎರಡು ವರ್ಷದ ಹಿಂದೆ ಕೊಂಡ, ಮರವನ್ನು ತಿರುಗಿಸಿ ಕಡೆಯುವ ಲೇತ್ ಇದೆ, ಹತ್ತು ಅಂಗುಲದ ಬೋಗುಣಿ ಹಿಡಿಸುತ್ತದೆ. ಈವರೆಗೆ ಕಡೆದದ್ದು ಲಟ್ಟಣಿಗೆ, ಕುರ್ಚಿಯ ಕಾಲು, ಮಕ್ಕಳ ಬುಗುರಿ, ಅಷ್ಟೇ.

ಮೊದಲನೆಯ ಬೋಗುಣಿಯ ಗೋಡೆಯನ್ನು ಒಂದು ಅಂಗುಲ ಬಿಟ್ಟೆ. ಎಂಟನೆಯ ದಿನ ತಳದಲ್ಲಿ ಈ ಬದಿಯಿಂದ ಆ ಬದಿಯವರೆಗೆ ಬಿರುಕು. ದಪ್ಪವಾದ್ದರಿಂದ ಒಡೆಯಿತೆಂದು ಭಾವಿಸಿ ಎರಡನೆಯದನ್ನು 4 ಮಿಲಿಮೀಟರಿಗೆ ಇಳಿಸಿದೆ. ಅದರ ಗೋಡೆ ಒಡೆಯಲಿಲ್ಲ, ಆದರೆ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿತು, ಮೇಜಿನ ಮೇಲೆ ಇಟ್ಟರೆ ಅಲುಗಾಡುತ್ತದೆ, ತಳ ಮತ್ತು ಗೋಡೆ ಸೇರುವಲ್ಲಿ ಸಣ್ಣ ಸೀಳು ಬೇರೆ.

ನನ್ನನ್ನು ಕಾಡುವುದು ಇನ್ನೊಂದು ವಿಷಯ. ನಮ್ಮ ಅಟ್ಟದಲ್ಲಿ ಒಂದು ಹಳೆಯ ಮರಿಗೆ (ಮರದ ಪಾತ್ರೆ) ಇದೆ, ಹಲಸಿನದೇ. ಗೋಡೆ ಎರಡು ಬೆರಳು ದಪ್ಪ. ಅಮ್ಮ ಮದುವೆಯಾಗಿ ಬಂದಾಗಲೇ ಅದು ಹಳತಾಗಿತ್ತಂತೆ. ಕೂದಲೆಳೆಯಷ್ಟೂ ಬಿರುಕಿಲ್ಲ. ಅಷ್ಟು ದಪ್ಪದ್ದು ಉಳಿಯಿತು, ನನ್ನ ಒಂದಂಗುಲದ್ದು ಯಾಕೆ ಒಡೆಯಿತು? ಗೋಡೆಯ ದಪ್ಪವನ್ನೂ ಆಕಾರವನ್ನೂ ನೀವು ಹೇಗೆ ನಿರ್ಧರಿಸುತ್ತೀರಿ? ಇನ್ನು ಐದು ತುಂಡುಗಳು ಮಾತ್ರ ಉಳಿದಿವೆ.

ಉಳಿ ಹಿಡಿದವ, ಪೆರ್ಲ

ಭಾವ, ಉತ್ತರಕ್ಕೆ ಮೊದಲು ಎರಡು ಪ್ರಶ್ನೆ. ಕೊಂಬೆಯನ್ನು ಹೇಗೆ ಸೀಳಿದಿರಿ, ನಡುತಿರುಳು ಬೋಗುಣಿಯ ಯಾವ ಭಾಗಕ್ಕೆ ಬಂತು? ತಳವನ್ನು ಎಷ್ಟು ದಪ್ಪ ಬಿಟ್ಟಿರಿ?

ತೋಟದಮನೆ, ಬದಿಯಡ್ಕ

ಉದ್ದಕ್ಕೆ ಎರಡು ಹೋಳು ಮಾಡಿದೆ. ತಿರುಳು ಸರಿಯಾಗಿ ಮಧ್ಯದಲ್ಲಿರಲಿಲ್ಲ, ಹಾಗಾಗಿ ಒಂದೇ ಹೋಳಿನಲ್ಲಿ ಉಳಿಯಿತು. ಬೋಗುಣಿಯ ಬಾಯಿ ತೊಗಟೆಯ ಕಡೆಗೆ, ತಳ ತಿರುಳಿನ ಕಡೆಗೆ. ಲೇತಿನಲ್ಲಿ ತುಂಡನ್ನು ಕಚ್ಚಿ ಹಿಡಿಯುವ ಚಕ್‌ಗೆ ಗಟ್ಟಿ ಹಿಡಿತ ಬೇಕೆಂದು ಮೊದಲನೆಯದರ ತಳ ಎರಡು ಅಂಗುಲ ಬಿಟ್ಟಿದ್ದೆ. ಎರಡನೆಯದರ ತಳ 12 ಮಿಲಿಮೀಟರ್.

ಉಳಿ ಹಿಡಿದವ, ಪೆರ್ಲ

ಹಾಗಾದರೆ ಮೊದಲ ಬೋಗುಣಿಯನ್ನು ಒಡೆದದ್ದು ಗೋಡೆಯ ದಪ್ಪವಲ್ಲ, ತಿರುಳು. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮನೆ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ತೊಗಟೆಯಿಂದ ನಡುವಿನ ಕಡೆಗೆ ಒಂದು ಪಾಲು ಕುಗ್ಗಿದರೆ, ಮರದೊಳಗಿನ ಬೆಳವಣಿಗೆಯ ಉಂಗುರದ ಸುತ್ತಳತೆಯ ದಿಕ್ಕಿನಲ್ಲಿ ಸುಮಾರು ಎರಡು ಪಾಲು. ಉಂಗುರ ಬಿಗಿಯಲು ನೋಡುತ್ತದೆ, ನಡುವಿನ ತಿರುಳು ಜಾಗ ಬಿಡುವುದಿಲ್ಲ, ಕೊನೆಗೆ ಎಲ್ಲಿಯಾದರೂ ಬಾಯಿ ಬಿಡಲೇಬೇಕು. ಮುಂದಿನ ತುಂಡುಗಳಲ್ಲಿ ತಿರುಳಿನ ಎರಡೂ ಬದಿಯಿಂದ ಒಂದೊಂದು ಬೆರಳು ಸೇರಿಸಿ ನಡುವಿನ ಹಲಗೆಯನ್ನೇ ಕೊಯ್ದು ತೆಗೆಯಿರಿ. ಬೋಗುಣಿ ಸ್ವಲ್ಪ ಚಿಕ್ಕದಾಗುತ್ತದೆ, ಆಗಲಿ.

ಎರಡನೆಯದನ್ನು ಕೆಡಿಸಿದ್ದು ಅಸಮ ದಪ್ಪ. ನಾಲ್ಕು ಮಿಲಿಮೀಟರಿನ ಗೋಡೆ ಎರಡು ದಿನದಲ್ಲಿ ಒಣಗಿ ಕುಗ್ಗಿತು, ಹನ್ನೆರಡರ ತಳ ಇನ್ನೂ ಹಸಿಯಾಗಿ ಬಿಗಿಯಾಗಿ ಕುಳಿತಿತ್ತು. ಎರಡರ ಎಳೆದಾಟ ನಡೆದದ್ದು ಅವು ಸೇರುವ ಜಾಗದಲ್ಲಿ, ಸೀಳಿದ್ದೂ ಅಲ್ಲೇ. ಆದ್ದರಿಂದ ದಪ್ಪ ಎಷ್ಟು ಎಂದು ಕೇಳುವ ಮೊದಲು ದಪ್ಪ ಎಲ್ಲ ಕಡೆ ಒಂದೇ ಇದೆಯೇ ಎಂದು ಕೇಳಬೇಕು. ತಳವೂ ಗೋಡೆಯೇ ಎಂದು ತಿಳಿಯಿರಿ.

ಹಸಿ ಮರವನ್ನು ನಾನು ಎರಡು ಸಲ ಕಡೆಯುತ್ತೇನೆ. ಮೊದಲ ಸಲ ಒರಟಾಗಿ, ಗೋಡೆಯ ದಪ್ಪ ಬಾಯಿಯ ಅಗಲದ ಹತ್ತನೆಯ ಒಂದು ಪಾಲು. ಹತ್ತು ಅಂಗುಲಕ್ಕೆ ಒಂದು ಅಂಗುಲ. ಅಡ್ಡಕೊಯ್ದ ಎಳೆ ಕಾಣುವ ಎರಡು ಬದಿಗಳಿಗೆ ಮೇಣ ಬಳಿದು, ಸುದ್ದಿ ಪತ್ರಿಕೆಯಲ್ಲಿ ಸುತ್ತಿ, ಗಾಳಿ ನೇರವಾಗಿ ಬೀಸದ ಮೂಲೆಯಲ್ಲಿ ಇಡುತ್ತೇನೆ. ಫ್ಯಾನಿನ ಕೆಳಗೆ ಬೇಡ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಮರೆಯುವುದೂ ಬೇಡ. ಬರುವ ಆಟಿ ತಿಂಗಳ (ಜುಲೈ-ಆಗಸ್ಟ್) ತಂಡಿಗೆ ಬೂಸ್ಟು ಹಿಡಿಯುತ್ತದೆ. ತಳದಲ್ಲಿ ಪೆನ್ಸಿಲಿನಿಂದ ದಿನಾಂಕ ಮತ್ತು ತೂಕ ಬರೆಯಿರಿ, ಹದಿನೈದು ದಿನಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿರಿ. ತೂಕ ಇಳಿಯುವುದು ನಿಂತ ಮೇಲೆ ಎರಡನೆಯ ಸಲ ಲೇತಿಗೆ.

ಲೆಕ್ಕದ ಮಾಸ್ತರ, ಕುಂಬಳೆ

ಪೆರ್ಲದವರ ಹತ್ತನೆಯ ಒಂದು ಪಾಲು ಎಲ್ಲಿಂದ ಬಂತು ಎಂದು ಯಾರೂ ಹೇಳುವುದಿಲ್ಲ, ಹೇಳಿದ್ದನ್ನು ಕಲಿತು ಹಾಗೆಯೇ ಮಾಡುತ್ತಾರೆ. ಲೆಕ್ಕ ಕಷ್ಟವಿಲ್ಲ.

ಹಸಿಯಾಗಿರುವಾಗ 250 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ಗೋಡೆ. ಎಳೆ ಹರಿಯುವ ದಿಕ್ಕಿನಲ್ಲಿ ಕುಗ್ಗುವುದೇ ಇಲ್ಲವೆನ್ನಿ. ಅದಕ್ಕೆ ಅಡ್ಡಲಾಗಿ ಶೇ. 4ರಷ್ಟು ಕುಗ್ಗಿತು ಎಂದಿಟ್ಟುಕೊಳ್ಳಿ. ಈಗ ಒಂದು ಕಡೆ 250, ಇನ್ನೊಂದು ಕಡೆ 240. ಇದೇ ಬದಿಯಡ್ಕದವರು ನೋಡಿದ ಮೊಟ್ಟೆಯಾಕಾರ. ಹೊರಗಿನಿಂದ ಮತ್ತೆ ದುಂಡಗೆ ಮಾಡಬೇಕಾದರೆ ಚಿಕ್ಕ ಅಳತೆಗೆ, ಅಂದರೆ 240ಕ್ಕೆ ಇಳಿಸಬೇಕು. ಒಳಗಿನಿಂದ ದುಂಡಗೆ ಮಾಡಬೇಕಾದರೆ ದೊಡ್ಡ ಅಳತೆಗೆ, ಅಂದರೆ 200ಕ್ಕೆ ಹಿಗ್ಗಿಸಬೇಕು. ಉಳಿಯುವ ಗೋಡೆ 20 ಮಿಲಿಮೀಟರ್. ಅದರಿಂದ ಎಂಟೋ ಹತ್ತೋ ಮಿಲಿಮೀಟರಿನ ಬೋಗುಣಿಯನ್ನು ಆರಾಮವಾಗಿ ತೆಗೆಯಬಹುದು. ಮೊದಲೇ 10 ಮಿಲಿಮೀಟರ್ ಮಾಡಿದ್ದರೆ ಉಳಿಯುವುದು ಐದು. ನಾಲ್ಕು ಮಾಡಿದ್ದರೆ ಉಳಿಯುವುದು ಸೊನ್ನೆಗಿಂತಲೂ ಕಡಿಮೆ, ದುಂಡಗೆ ಮಾಡಲು ಹೋದರೆ ಗೋಡೆ ತೂತಾಗುತ್ತದೆ.

ಹತ್ತನೆಯ ಒಂದು ಪಾಲು ಹೆಚ್ಚು ತಿರುಚುವ ಮರಕ್ಕೂ ಸಾಲುವ ಧಾರಾಳದ ಲೆಕ್ಕ. ಹಲಸು ಅಷ್ಟು ಹಟಮಾರಿ ಮರವಲ್ಲ. ಹನ್ನೆರಡನೆಯ ಒಂದು ಪಾಲು ಸಾಕು ಎಂದು ನನ್ನ ವಾದ. ಗೋಡೆ ತೆಳುವಾದಷ್ಟು ಬೇಗ ಮತ್ತು ಸಮವಾಗಿ ಒಣಗುತ್ತದೆ.

ಉಳಿ ಹಿಡಿದವ, ಪೆರ್ಲ

ಮಾಸ್ತರರೇ, ಲೆಕ್ಕಕ್ಕೆ ತಲೆಬಾಗುತ್ತೇನೆ, ಹನ್ನೆರಡಕ್ಕೆ ಒಪ್ಪುವುದಿಲ್ಲ. ಇದು ಬೊಡ್ಡೆಯ ಮರವಲ್ಲ, ಕೊಂಬೆಯದು. ಅಡ್ಡಲಾಗಿ ಚಾಚಿದ ಕೊಂಬೆ ತನ್ನ ಭಾರ ಹೊರಲು ಮೇಲ್ಭಾಗದಲ್ಲಿ ಬಿಗಿಯಾದ ಮರವನ್ನು ಹೆಚ್ಚು ಬೆಳೆಸುತ್ತದೆ. ಅದಕ್ಕೇ ಅವರ ತಿರುಳು ಮಧ್ಯದಲ್ಲಿರಲಿಲ್ಲ. ಆ ಮೇಲ್ಭಾಗ ಒಣಗುವಾಗ ಎತ್ತ ತಿರುಗುತ್ತದೆಂದು ಹೇಳಲು ಬರುವುದಿಲ್ಲ. ಉದ್ದಕ್ಕೂ ಕುಗ್ಗಬಹುದು. ಹೊಸಬರು ಹತ್ತರಲ್ಲೇ ನಿಲ್ಲಲಿ.

ಲೆಕ್ಕದ ಮಾಸ್ತರ, ಕುಂಬಳೆ

ಕೊಂಬೆ ಎಂಬುದನ್ನು ನಾನು ಗಮನಿಸಿರಲಿಲ್ಲ. ಹತ್ತು ಸರಿ.

ಕಾರ್ಖಾನೆಯವ, ಹೊಸೂರು

ನಾನು ಕಬ್ಬಿಣದ ಲೇತಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು, ಮರಕ್ಕೆ ಬಂದದ್ದು ಈಚೆಗೆ. ನಿಮ್ಮ ಮಾತುಗಳಲ್ಲಿ ಬೆರಳು, ಅಂಗುಲ, ಪಾಲು ಇವೇ ತುಂಬಿವೆ. ದಪ್ಪ ಅಳೆಯುವ ಒಂದು ವರ್ನಿಯರ್ ಇಟ್ಟುಕೊಂಡು ಬಾಯಿಯಲ್ಲಿ, ಅರ್ಧದಲ್ಲಿ, ತಳದ ಹತ್ತಿರ ಮೂರು ಕಡೆ ಅಳೆದರೆ ಈ ಒಡಕು ಯಾಕೆ ಬರುತ್ತದೆ? ಅಳತೆಯಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ನಮ್ಮಲ್ಲಿ ಆ ವಸ್ತು ಗುಜರಿಗೆ ಹೋಗುತ್ತದೆ.

ಉಳಿ ಹಿಡಿದವ, ಪೆರ್ಲ

ವರ್ನಿಯರಿನ ದವಡೆ ಬೋಗುಣಿಯ ಬಾಯಿಯನ್ನು ದಾಟಿ ಒಳಗಿನ ಬಾಗನ್ನು ಮುಟ್ಟುವುದಿಲ್ಲ, ಅಣ್ಣ. ಅದಕ್ಕೆ ಎರಡು ಕಾಲು ಬಾಗಿರುವ ಕ್ಯಾಲಿಪರ್ ಬೇಕು. ಲೇತ್ ನಿಲ್ಲಿಸಿಯೇ ಅಳೆಯಬೇಕು, ತಿರುಗುತ್ತಿರುವಾಗ ಕ್ಯಾಲಿಪರ್ ತೂರಿಸುವ ಅಭ್ಯಾಸ ಇದ್ದವರು ದಯವಿಟ್ಟು ಬಿಡಿ. ಅರ್ಧ ಮಿಲಿಮೀಟರಿನ ಹಟ ಮರದಲ್ಲಿ ನಡೆಯುವುದಿಲ್ಲ. ನೀವು ಬೆಳಿಗ್ಗೆ ಅಳೆದ ಅಳತೆ ಸಂಜೆಯ ಮಳೆಗೆ ಬದಲಾಗಿರುತ್ತದೆ.

ನಾನು ಕೊನೆಯ ತೀರ್ಪನ್ನು ಕೈಗೆ ಬಿಡುತ್ತೇನೆ. ಕಣ್ಣು ಮುಚ್ಚಿ, ಹೆಬ್ಬೆರಳು ಒಳಗೆ, ಉಳಿದ ಬೆರಳು ಹೊರಗೆ ಇಟ್ಟು ಬಾಯಿಯಿಂದ ತಳದವರೆಗೆ ನಿಧಾನವಾಗಿ ಜಾರಿಸಿ. ಎಲ್ಲಿ ದಪ್ಪ ಏರಿತು ಎಂದು ಬೆರಳಿಗೆ ಕೂಡಲೇ ತಿಳಿಯುತ್ತದೆ. ನೂರಕ್ಕೆ ತೊಂಬತ್ತು ಬೋಗುಣಿಗಳಲ್ಲಿ ಅದು ಏರುವುದು ತಳಕ್ಕೆ ಎರಡು ಅಂಗುಲ ಮೇಲೆ.

ಮುಳ್ಳೇರಿಯದ ಅಕ್ಕ

ಎರಡು ದಿನದಿಂದ ಓದುತ್ತಿದ್ದೇನೆ. ದಪ್ಪದ ಬಗ್ಗೆ ಇಷ್ಟು ಮಾತಾಯಿತು, ಆಕಾರದ ಬಗ್ಗೆ ಒಬ್ಬರೂ ಬಾಯಿ ತೆರೆಯಲಿಲ್ಲ. ತಳಕ್ಕೆ ಎರಡು ಅಂಗುಲ ಮೇಲೆ ದಪ್ಪ ಏರುವುದು ಕೈಯ ತಪ್ಪಲ್ಲ, ಆಕಾರದ ತಪ್ಪು. ಹೊರಗೆ ಚಪ್ಪಟೆ ತಳ, ನೆಟ್ಟಗಿನ ಗೋಡೆ, ನಡುವೆ ಒಂದು ಮೂಲೆ. ಹೀಗೆ ಕಡೆದರೆ ಒಳಗಿನಿಂದ ಆ ಮೂಲೆಗೆ ಉಳಿ ತಲುಪುವುದಿಲ್ಲ. ಹೆದರಿದವರು ದಪ್ಪ ಬಿಡುತ್ತಾರೆ, ಧೈರ್ಯ ಮಾಡಿದವರು ತೂತು ಮಾಡುತ್ತಾರೆ. ಬಾಯಿಯಿಂದ ತಳದ ನಡುವಿನವರೆಗೆ ಎಲ್ಲೂ ಮುರಿಯದೆ ಹರಿಯುವ ಒಂದೇ ಬಾಗು ಇದ್ದರೆ ಉಳಿ ತಾನಾಗಿ ಜಾರುತ್ತದೆ, ದಪ್ಪ ತಾನಾಗಿ ಸಮವಾಗುತ್ತದೆ. ಮೊದಲು ಹೊರಗಿನ ಆಕಾರ ಮುಗಿಸಿ, ಒಳಗಿನದು ಅದನ್ನೇ ಹಿಂಬಾಲಿಸಲಿ.

ಆ ಬಾಗನ್ನು ಎಲ್ಲಿ ಹುಡುಕುವುದು? ನನ್ನ ಉಪಾಯ ಹೇಳುತ್ತೇನೆ. ಗೋಡೆಗೆ ಒಂದು ಹಾಳೆ ಅಂಟಿಸಿ, ಕತ್ತಿನ ಸರದ ಎರಡು ತುದಿಗಳನ್ನು ಬೋಗುಣಿಯ ಬಾಯಿಯ ಅಗಲಕ್ಕೆ ಹಿಡಿದು ಅದರ ಎದುರು ತೂಗಬಿಡಿ. ಸರ ತನ್ನ ಭಾರಕ್ಕೆ ತಾನೇ ಬಾಗಿ ನಿಲ್ಲುತ್ತದೆ. ಸಡಿಲ ಬಿಟ್ಟರೆ ಆಳದ ಬೋಗುಣಿ, ಬಿಗಿದರೆ ಅಗಲ ಬಟ್ಟಲು. ಮೆಚ್ಚಿದ್ದನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ರಟ್ಟಿನಲ್ಲಿ ಕತ್ತರಿಸಿ ಲೇತಿನ ಪಕ್ಕ ಇಟ್ಟುಕೊಳ್ಳಿ. ಈ ಬಾಗಿನಲ್ಲಿ ಮೂಲೆ ಎಂಬುದೇ ಇರುವುದಿಲ್ಲ.

ಪೀಠದ ಅಗಲ ಬಾಯಿಯ ಮೂರನೆಯ ಒಂದು ಪಾಲಿನಿಂದ ಸ್ವಲ್ಪ ಮೇಲಕ್ಕೆ. ಹತ್ತು ಅಂಗುಲಕ್ಕೆ ಮೂರೂವರೆ. ಅದಕ್ಕಿಂತ ಅಗಲವಾದರೆ ಬೋಗುಣಿ ನೆಲಕ್ಕೆ ಅಂಟಿದಂತೆ ಭಾರವಾಗಿ ಕಾಣುತ್ತದೆ, ಕಿರಿದಾದರೆ ಸೌಟು ತಾಗಿದರೂ ಉರುಳುತ್ತದೆ. ಪೀಠದ ನಡುವನ್ನು ಒಂದು ಕೂದಲೆಳೆ ಒಳಕ್ಕೆ ತಗ್ಗಿಸಿ; ಮರ ಸ್ವಲ್ಪ ಅಲುಗಿದರೂ ಅಂಚಿನ ಮೇಲೆ ನೆಟ್ಟಗೆ ಕೂರುತ್ತದೆ, ಬದಿಯಡ್ಕದವರ ಬೋಗುಣಿಯಂತೆ ತೂಗಾಡುವುದಿಲ್ಲ.

ಇನ್ನು ದಪ್ಪ. ಅದನ್ನು ನಿರ್ಧರಿಸುವುದು ಉಪಯೋಗ. ನೆಂಟರಿಗೆ ಹಪ್ಪಳ, ಬಾಳೆಕಾಯಿ ಉಪ್ಪೇರಿ ಇಟ್ಟುಕೊಡಲು 5 ಮಿಲಿಮೀಟರ್ ಚೆಂದ. ಹಿಟ್ಟು ಕಲಸಲು, ದಿನಾ ತೊಳೆಯಲು, ಕೈಜಾರಿ ಬೀಳಲು 8ರಿಂದ 10 ಬೇಕು. ತೊಳೆದ ಕೈಯಲ್ಲಿ ಹಿಡಿದಾಗ ಜಾರದ ಹಾಗೆ ಬಾಯಿಯ ಅಂಚು ತುಸು ಉಬ್ಬಿರಲಿ. ಬೋಗುಣಿ ನೋಡುವವರು ನೀವು, ಹಿಡಿಯುವವರು ಮನೆಯ ಹೆಂಗಸರು. ನಾಲ್ವರನ್ನೂ ಕೇಳಿ, ಯಾವುದಕ್ಕೆ ಬೇಕು ಎಂದು.

ತೋಟದಮನೆ, ಬದಿಯಡ್ಕ

ಅಕ್ಕ, ನಿಮ್ಮ ಮಾತು ಓದಿ ಒಡೆದ ಮೊದಲ ಬೋಗುಣಿಯನ್ನು ಗರಗಸದಲ್ಲಿ ನಡುವೆ ಕೊಯ್ದು ನೋಡಿದೆ. ನೀವು ಹೇಳಿದ ಜಾಗದಲ್ಲೇ ಮೂಲೆ, ಅಲ್ಲಿ 38 ಮಿಲಿಮೀಟರ್ ದಪ್ಪ! ಗೋಡೆ ಒಂದಂಗುಲ ಎಂದು ನಾನು ಬರೆದದ್ದು ಬಾಯಿಯ ಹತ್ತಿರದ ಅಳತೆ ಮಾತ್ರ. ತಮ್ಮನಿಗೂ ತಂಗಿಯರಿಗೂ ಫೋನ್ ಮಾಡಿ ಕೇಳಿದೆ. ಇಬ್ಬರಿಗೆ ಹಿಟ್ಟು ಕಲಸಲು, ಒಬ್ಬಳಿಗೆ ಹಣ್ಣು ಇಡಲು.

ಉಳಿ ಹಿಡಿದವ, ಪೆರ್ಲ

ಬೋಗುಣಿಯನ್ನು ಕೊಯ್ದು ನೋಡಿದ್ದೇ ದೊಡ್ಡ ಪಾಠ. ನಾನು ಕಲಿಯುವಾಗ ಹತ್ತಾದರೂ ಕೊಯ್ದಿದ್ದೇನೆ. ಇಲ್ಲಿ ಹೊಸದಾಗಿ ಕಲಿಯುವವರೆಲ್ಲ ಒಂದನ್ನಾದರೂ ಕೊಯ್ಯಿರಿ.

ಅಕ್ಕಲಕೋಟೆ ನಿವಾಸಿ

ಕರಾವಳಿಯವರಿಗೆ ಒಂದು ತಕರಾರು ಇದೆ. ಹೋದ ವರ್ಷ ಮಂಗಳೂರು ಕಡೆಗೆ ಹೋದಾಗ ಒಂದು ಅಂಗಡಿಯಲ್ಲಿ ಮರದ ಬೋಗುಣಿ ಕೊಂಡೆ. ಚೆನ್ನಾಗಿ ಒಣಗಿದೆ, ಎರಡು ವರ್ಷ ಇಟ್ಟ ಮರ ಎಂದು ಹೇಳಿ ಕೊಟ್ಟರು. ನಮ್ಮಲ್ಲಿ ಸೊಲ್ಲಾಪುರ ಜಿಲ್ಲೆಯ ಬಿಸಿಲು ಗೊತ್ತಲ್ಲ, ಏಪ್ರಿಲ್ ಬಂದರೆ ಬಾಗಿಲ ಚೌಕಟ್ಟೂ ಕಿರುಗುಟ್ಟುತ್ತದೆ. ಒಂದು ರಾತ್ರಿ ಅಡುಗೆಮನೆಯಲ್ಲಿ ಪಟ್ ಎಂದು ಸದ್ದಾಯಿತು. ಬೆಳಿಗ್ಗೆ ನೋಡಿದರೆ ಬಾಯಿಯಿಂದ ತಳದವರೆಗೆ ಸೀಳು. ಗೋಡೆ ಹೆಬ್ಬೆರಳು ದಪ್ಪವಿತ್ತು. ಸುಳ್ಳು ಹೇಳಿ ಮಾರಿದರು ಎಂದು ನನಗೆ ಇವತ್ತಿಗೂ ಬೇಸರ.

ಲೆಕ್ಕದ ಮಾಸ್ತರ, ಕುಂಬಳೆ

ಅವರು ಸುಳ್ಳು ಹೇಳಿರಲಿಕ್ಕಿಲ್ಲ. ಒಣಗಿದ ಮರ ಎಂಬುದಕ್ಕೆ ಊರೂರಿಗೆ ಬೇರೆ ಅರ್ಥ. ಮರ ಗಾಳಿಯ ತೇವಕ್ಕೆ ಹೊಂದಿಕೊಂಡು ನಿಲ್ಲುತ್ತದೆ. ಗಾಳಿಯಲ್ಲಿ ತೇವ ಶೇ. 90ರ ಹತ್ತಿರ ಇದ್ದರೆ ಮರದೊಳಗಿನ ನೀರು ಶೇ. 20ರ ಆಸುಪಾಸಿಗೆ ಬಂದು ನಿಂತುಬಿಡುತ್ತದೆ, ಎರಡು ವರ್ಷ ಇಟ್ಟರೂ ಅಷ್ಟೇ. ಗಾಳಿಯ ತೇವ ಶೇ. 65 ಆದರೆ ಮರದ್ದು ಶೇ. 12. ಶೇ. 30ರ ಒಣ ಹವೆಯಲ್ಲಿ ಮರದ್ದು ಶೇ. 6. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಇಲ್ಲಿ ಜುಲೈಯಲ್ಲಿ ಸರಿಹೋಗಿ ಕುಳಿತ ಬೋಗುಣಿ ನಿಮ್ಮ ಏಪ್ರಿಲಿಗೆ ಹಸಿ ಮರವೇ.

ಮರದಲ್ಲಿ ನೀರು ಸುಮಾರು ಶೇ. 30ಕ್ಕೆ ಇಳಿಯುವವರೆಗೆ ಅದು ಕುಗ್ಗುವುದಿಲ್ಲ, ತೂಕ ಮಾತ್ರ ಇಳಿಯುತ್ತದೆ. ಕುಗ್ಗುವುದೆಲ್ಲ ಅದರ ನಂತರ. ಹಾಗಾಗಿ 20ರಿಂದ 6ಕ್ಕೆ ಇಳಿಯುವುದು ಸಣ್ಣ ಮಾತಲ್ಲ. ಅಂಥ ಊರಿಗೆ ಹೋಗುವ ಬೋಗುಣಿಗೆ ಹೆಬ್ಬೆರಳು ದಪ್ಪದ ಗೋಡೆ ಶತ್ರು. ಹೊರಮೈ ಒಣಗಿ ಬಿಗಿಯುವಾಗ ಒಳಗೆ ಇನ್ನೂ ನೀರಿರುತ್ತದೆ. ಆರೇಳು ಮಿಲಿಮೀಟರ್ ಆಗಿದ್ದರೆ ತುಸು ಬಾಗುತ್ತಿತ್ತು, ಸೀಳುತ್ತಿರಲಿಲ್ಲ.

ಬದಿಯಡ್ಕದವರೇ, ಮಳೆಗಾಲದಲ್ಲಿ ತೂಕ ನಿಂತಿತು ಎಂದು ಮೋಸಹೋಗಬೇಡಿ. ಜನವರಿಯವರೆಗೆ ಕಾಯಿರಿ.

ಅಕ್ಕಲಕೋಟೆ ನಿವಾಸಿ

ಮಾಸ್ತರರೇ, ಧನ್ಯವಾದ. ಮನಸ್ಸಿನ ಭಾರ ಇಳಿಯಿತು. ಆ ಅಂಗಡಿಯವರನ್ನು ಸುಮ್ಮನೆ ಬೈದುಕೊಂಡೆ.

ಹಿಮ್ಮೇಳ, ಮಂಜೇಶ್ವರ

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೆ ಹಲಸು ಎಂದ ಮೇಲೆ ಸುಮ್ಮನಿರಲಾಗಲಿಲ್ಲ. ನಾನು ಮದ್ದಳೆ ನುಡಿಸುವವನು. ಮದ್ದಳೆಯ ಒಡಲೂ ಹಲಸಿನದೇ. ಅದನ್ನು ಮರದ ಉದ್ದಕ್ಕೆ, ಒಂದು ತಲೆಯಿಂದ ಇನ್ನೊಂದು ತಲೆಗೆ ಕೊರೆಯುತ್ತಾರೆ. ಹಾಗಾಗಿ ತಿರುಳು ಪೂರ್ತಿ ಚೂರಾಗಿ ಹೊರಗೆ ಬೀಳುತ್ತದೆ, ಉಳಿಯುವುದು ಸುತ್ತಲಿನ ಉಂಗುರ ಮಾತ್ರ. ಉಂಗುರ ಕುಗ್ಗಬೇಕೆಂದರೆ ನಡುವೆ ತಡೆಯುವವರು ಯಾರೂ ಇಲ್ಲ. ಪೆರ್ಲದವರು ಹೇಳಿದ ಮಾತಿಗೆ ಇದೇ ಸಾಕ್ಷಿ. ಗೋಡೆ ಅಷ್ಟು ದಪ್ಪವಿದ್ದೂ ಮದ್ದಳೆ ಒಡೆಯದಿರುವುದು ಇದರಿಂದಲೇ ಇರಬೇಕು.

ಗೋಡೆಯ ದಪ್ಪ ನಮಗೆ ನಾದದ ಪ್ರಶ್ನೆ. ತೀರಾ ತೆಳುವಾದ ಒಡಲಿನಲ್ಲಿ ಪೆಟ್ಟು ಬಿದ್ದಲ್ಲಿ ನಾದ ನಿಲ್ಲುವುದಿಲ್ಲ, ಚದುರುತ್ತದೆ. ತೀರಾ ದಪ್ಪವಾದರೆ ರಾತ್ರಿಯಿಡೀ ತೊಡೆಯ ಮೇಲೆ ಹೊತ್ತುಕೊಳ್ಳುವವನಿಗೆ ಗೊತ್ತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಸೀಮೆಯಲ್ಲಿ ಒಳ್ಳೆಯ ಒಡಲು ಕೊರೆಯುವ ಆಚಾರಿಗಳು ಈಗ ಬೆರಳೆಣಿಕೆ. ಲೇತ್ ಇರುವ ನಿಮ್ಮಂಥವರು ಆ ಕಡೆಗೂ ಗಮನ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ತೋಟದಮನೆ, ಬದಿಯಡ್ಕ

ಇದನ್ನು ಓದಿ ಅಟ್ಟದ ಮರಿಗೆಯನ್ನು ಕೆಳಗಿಳಿಸಿ ಹಗಲು ಬೆಳಕಿನಲ್ಲಿ ನೋಡಿದೆ. ತಿರುಳಿನ ಗುರುತೇ ಇಲ್ಲ. ಉಂಗುರಗಳು ಅಗಲವಾದ ಬಾಗುಗಳಾಗಿ ಹೋಗಿವೆ. ದೊಡ್ಡ ಬೊಡ್ಡೆಯ ಒಂದು ಬದಿಯಿಂದ ತೆಗೆದ ತುಂಡು. ಬಾಚಿಯ ಏಟಿನ ಗುರುತು ಒಳಗೆಲ್ಲ ಇದೆ. ಬಿಳಿ ಮರ ಒಂದು ಚೂರೂ ಇಲ್ಲ, ಪೂರ್ತಿ ಚೇಗು, ಅಂದರೆ ಒಳಗಿನ ಗಟ್ಟಿ ಮರ. ಅಮ್ಮ ಹೇಳಿದ್ದು: ಅವರ ಮಾವನ ಕಾಲದಲ್ಲಿ ಮರ ಕಡಿದರೆ ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿ ಇಡುತ್ತಿದ್ದರಂತೆ, ಆಮೇಲೆ ನೆರಳಿನಲ್ಲಿ.

ಮುಳ್ಳೇರಿಯದ ಅಕ್ಕ

ಕೆರೆ ಇಲ್ಲದವರಿಗೆ ಬಚ್ಚಲ ಹಂಡೆ ಇದೆ. ಒರಟಾಗಿ ಕಡೆದ ಬೋಗುಣಿಯನ್ನು ಹಂಡೆಯ ನೀರಿನಲ್ಲಿ ಮುಳುಗಿಸಿ ಕುದಿಸುತ್ತೇನೆ, ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆ. ತಣ್ಣಗಾದ ಮೇಲೆ ತೆಗೆದು ಕಾಗದ ಸುತ್ತಿ ಇಡುವುದು. ಬಿರುಕು ಬಹಳ ಕಡಿಮೆಯಾಗಿದೆ. ಹಲಸಿನ ಬಣ್ಣ ನೀರಿಗೆ ಬಿಡುತ್ತದೆ, ಹಂಡೆಯ ನೀರು ಅರಿಸಿನದಂತಾಗುತ್ತದೆ. ಬೋಗುಣಿ ಮೊದಲು ಸ್ವಲ್ಪ ಪೇಲವವಾಗಿ ಕಂಡರೂ ವರ್ಷದೊಳಗೆ ಜೇನಿನ ಬಣ್ಣಕ್ಕೆ ಬಂತು.

ಗೇರುತೋಟ, ಬಂದಡ್ಕ

ಕಡೆದು ಮುಗಿದ ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ. ದೋಣಿಗೇ ಹಚ್ಚುತ್ತಾರೆ, ಬೋಗುಣಿಗೆ ಯಾಕಾಗದು? ಹುಳ ಮುಟ್ಟುವುದಿಲ್ಲ.

ಮುಳ್ಳೇರಿಯದ ಅಕ್ಕ

ಬೇಡವೇ ಬೇಡ! ಆ ಎಣ್ಣೆ ಚರ್ಮ ಸುಡುತ್ತದೆ. ಗೇರುಬೀಜ ಸುಲಿದವರ ಬೆರಳು ನೋಡಿದ್ದೀರಲ್ಲ? ಉಣ್ಣುವ ವಸ್ತು ಇಡುವ ಪಾತ್ರೆಗೆ ಅದನ್ನು ಯಾರೂ ಹಚ್ಚಬಾರದು. ಜೇನುಮೇಣ ಒಂದು ಪಾಲು, ತೆಂಗಿನೆಣ್ಣೆ ಮೂರು ಪಾಲು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿ ತಿಕ್ಕಿ, ಮಾಸಿದಾಗ ಮತ್ತೆ ತಿಕ್ಕಿ. ಗಟ್ಟಿ ಪದರ ಬೇಕಾದವರು ಅಗಸೆ ಎಣ್ಣೆ ಹಚ್ಚಬಹುದು, ಒಣಗಲು ವಾರಗಳೇ ಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯೇರಿ ಬೆಂಕಿ ಹತ್ತುತ್ತದೆ. ಬಿಡಿಸಿ ಹಗ್ಗದ ಮೇಲೆ ಹರಡಿ.

ಗೇರುತೋಟ, ಬಂದಡ್ಕ

ಸರಿ ಅಕ್ಕ, ಹಿಂದೆ ತೆಗೆದುಕೊಂಡೆ. ಪಾತ್ರೆಗೆ ಎಂಬುದನ್ನು ಯೋಚಿಸಲಿಲ್ಲ.

ಬೇವಿನಕಟ್ಟೆ, ಮಡಕಶಿರಾ

ಎಲ್ಲರೂ ಎರಡು ಸಲ ಕಡೆಯಿರಿ ಎನ್ನುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ನಮ್ಮದು ಮಳೆ ಕಡಿಮೆಯ ಸೀಮೆ, ಆರು ತಿಂಗಳು ಕಾಯುವ ತಾಳ್ಮೆಯೂ ನನಗಿಲ್ಲ. ಹಸಿ ಬೇವನ್ನು ಒಂದೇ ಸಲಕ್ಕೆ 3 ಮಿಲಿಮೀಟರಿಗೆ ಇಳಿಸುತ್ತೇನೆ, ತಳವೂ ಅಷ್ಟೇ. ಎರಡು ದಿನದಲ್ಲಿ ಒಣಗುತ್ತದೆ. ಬಾಯಿ ಬಾಗುತ್ತದೆ, ಬಾಗಲಿ! ತೆಂಗಿನ ಕರಟ ನೋಡಿ. ಅದರ ಗೋಡೆಯೂ ತೆಳು, ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ಅದೂ ಪೂರ್ತಿ ದುಂಡಗಿಲ್ಲ. ಅದರ ಅಂದಕ್ಕೆ ಏನು ಕೊರತೆ? ಮರ ತನಗೆ ಬೇಕಾದಂತೆ ಬಾಗಿದ ಬೋಗುಣಿಯನ್ನು ಮೊಂಡುತನದಿಂದ ದುಂಡಗೆ ಮಾಡುವುದು ನನಗೆ ಸರಿಕಾಣುವುದಿಲ್ಲ.

ಅಳತೆಗೆ ದೀಪದ ಉಪಾಯ ಹೇಳುತ್ತೇನೆ. ಕೋಣೆ ಕತ್ತಲು ಮಾಡಿ, ಹೊರಮೈಗೆ ಹತ್ತಿರ ಒಂದು ಬಲ್ಬ್ ಇಟ್ಟು ಒಳಗೆ ಕಡೆಯಿರಿ. ಹಸಿ ಮರ ಮೂರು ಮಿಲಿಮೀಟರಿಗೆ ಬಂದಾಗ ಬೆಳಕು ಕೆಂಪಗೆ ತೂರಿಬರುತ್ತದೆ. ಎಲ್ಲಿ ಹೆಚ್ಚು ಬೆಳಗುತ್ತದೋ ಅಲ್ಲಿ ತೆಳುವಾಗಿದೆ, ಮಂಕಾದಲ್ಲಿ ಇನ್ನೂ ದಪ್ಪವಿದೆ.

ಉಳಿ ಹಿಡಿದವ, ಪೆರ್ಲ

ಬೋಗುಣಿ ಬಾಗುವುದು ಅಂದವೇ, ಒಪ್ಪಿದೆ. ಆದರೆ ಮೂರು ಮಿಲಿಮೀಟರಿನ ಬೋಗುಣಿಯಲ್ಲಿ ಅವರ ತಂಗಿ ಹಿಟ್ಟು ಕಲಸಲು ಆಗುತ್ತದೆಯೇ? ಅವರು ಕೇಳಿದ್ದು ಅದನ್ನು.

ಬೇವಿನಕಟ್ಟೆ, ಮಡಕಶಿರಾ

ಹಿಟ್ಟಿಗೆ ಆಗದು, ನಿಜ. ಹಣ್ಣಿನ ತಂಗಿಗೆ ಆಗುತ್ತದೆ. ಅವರಿಗೊಂದು ನನ್ನ ರೀತಿಯಲ್ಲಿ ಮಾಡಿ ನೋಡಲಿ.

ಹೊಸ ಕೈ, ಅಡೂರು

ನಾನು ಕಾಲೇಜು ವಿದ್ಯಾರ್ಥಿ, ಒಂದು ತಿಂಗಳಿನಿಂದ ಕಲಿಯುತ್ತಿದ್ದೇನೆ. ಗೋಡೆ ತೆಳುವಾದ ಕೂಡಲೇ ಉಳಿ ಕಿರುಚುತ್ತದೆ, ಬಾಯಿಯ ಹತ್ತಿರ ಅಲೆಅಲೆಯಾಗಿ ಗೆರೆ ಬೀಳುತ್ತದೆ. ವೇಗ ಹೆಚ್ಚಿಸಿದರೆ ಸರಿಹೋಗುತ್ತದೆಯೇ?

ಉಳಿ ಹಿಡಿದವ, ಪೆರ್ಲ

ವೇಗ ಹೆಚ್ಚಿಸಬೇಡ ತಮ್ಮಾ. ಅದು ಗೋಡೆ ನಡುಗುವ ಸದ್ದು. ಹೊಟ್ಟೆಯೊಳಗಿನ ಮರವನ್ನೆಲ್ಲ ಮೊದಲು ತೆಗೆದು, ಆಮೇಲೆ ಬಾಯಿಯನ್ನು ತೆಳುಮಾಡಲು ಹೋದರೆ ಹೀಗೆಯೇ ಆಗುತ್ತದೆ, ಆಗ ಗೋಡೆಯನ್ನು ಹಿಡಿದುಕೊಳ್ಳಲು ಒಳಗೆ ಏನೂ ಉಳಿದಿರುವುದಿಲ್ಲ. ಬಾಯಿಯಿಂದ ಒಂದಂಗುಲ ಕೆಳಗಿನವರೆಗೆ ಕೊನೆಯ ದಪ್ಪಕ್ಕೆ ತಂದು ಮುಗಿಸು. ನಡುವಿನ ಗಟ್ಟಿ ಹಾಗೆಯೇ ಇರಲಿ. ಆಮೇಲೆ ಮುಂದಿನ ಅಂಗುಲ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತಳಕ್ಕೆ ಇಳಿ. ಇಳಿದ ಮೇಲೆ ಮತ್ತೆ ಬಾಯಿಗೆ ಬರಬಾರದು; ಅಷ್ಟರಲ್ಲಿ ಅದು ಬಾಗಿರುತ್ತದೆ, ಉಳಿ ಕಚ್ಚುತ್ತದೆ.

ಒಳಗೆ ಇಳಿಯುವ ಮೊದಲು ನಡುವಿನಲ್ಲಿ ಡ್ರಿಲ್ಲಿನಿಂದ ಒಂದು ತೂತು ಕೊರೆ, ತಳದಲ್ಲಿ ಬೇಕಾದ ದಪ್ಪ ಉಳಿಯುವಷ್ಟು ಆಳಕ್ಕೆ. ತೂತು ಮಾಯವಾದಲ್ಲಿ ಆಳ ಮುಗಿಯಿತೆಂದು ಗೊತ್ತಾಗುತ್ತದೆ. ಚಕ್‌ನ ಹಿಡಿತಕ್ಕೆ ತಳದಲ್ಲಿ ಬಿಟ್ಟ ಗುಬ್ಬಿಯನ್ನು (ಉಬ್ಬನ್ನು) ಆ ದಪ್ಪದ ಲೆಕ್ಕಕ್ಕೆ ಸೇರಿಸಬೇಡ, ಅದು ಕೊನೆಗೆ ಹೋಗುವಂಥದ್ದು.

ವೇಗಕ್ಕೂ ಒಂದು ಲೆಕ್ಕವಿದೆ. ಅಂಗುಲದಲ್ಲಿ ಅಗಲವನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ 6,000 ಮತ್ತು 9,000ದ ನಡುವೆ ಬರಬೇಕು. ಹತ್ತು ಅಂಗುಲಕ್ಕೆ 600ರಿಂದ 900 ಸುತ್ತು. ಹಸಿ ತುಂಡು ಇನ್ನೂ ದುಂಡಗಾಗದೆ ಓಲಾಡುವಾಗ ಅದಕ್ಕಿಂತಲೂ ಕಡಿಮೆ. ಮೂರು ವರ್ಷದ ಹಿಂದೆ ಅವಸರದಲ್ಲಿ 1,400ಕ್ಕೆ ಏರಿಸಿದೆ. ಬೋಗುಣಿ ಎರಡಾಗಿ ಸಿಡಿದು ಒಂದು ಹೋಳು ಹೆಂಚು ಒಡೆದು ಹೊರಗೆ ಹೋಯಿತು. ಇನ್ನೊಂದು ಬಂದು ಬಡಿದದ್ದು ಮುಖಗವಚಕ್ಕೆ. ಗವಚವಿಲ್ಲದಿದ್ದರೆ ಇದನ್ನು ಬರೆಯಲು ನನಗೆ ಕಣ್ಣಿರುತ್ತಿರಲಿಲ್ಲ. ನಿನಗೆ ಮುಖಗವಚ ಇದೆಯೇ? ಮೊದಲು ಅದನ್ನು ಹೇಳು.

ಹೊಸ ಕೈ, ಅಡೂರು

ಇಲ್ಲ ಅಣ್ಣ, ಕನ್ನಡಕ ಮಾತ್ರ. ನಾಳೆ ಕಾಸರಗೋಡಿಗೆ ಹೋಗಿ ತರುತ್ತೇನೆ.

ಕಾರ್ಖಾನೆಯವ, ಹೊಸೂರು

ತಂದ ಮೇಲೆಯೇ ಲೇತ್ ಚಾಲು ಮಾಡು. ಈ ಒಂದು ವಿಷಯದಲ್ಲಿ ಕಬ್ಬಿಣಕ್ಕೂ ಮರಕ್ಕೂ ಭೇದವಿಲ್ಲ.

ತೋಟದಮನೆ, ಬದಿಯಡ್ಕ (ಜನವರಿ 27)

ತಡವಾಗಿ ಬರೆಯುತ್ತಿದ್ದೇನೆ, ಅಡಿಕೆ ಕೊಯ್ಲಿನ ಗಡಿಬಿಡಿ. ಐದು ತುಂಡುಗಳಲ್ಲೂ ತಿರುಳಿನ ಹಲಗೆ ತೆಗೆದೆ. ನಾಲ್ಕನ್ನು ಹತ್ತನೆಯ ಒಂದು ಪಾಲಿಗೆ ಒರಟಾಗಿ ಕಡೆದೆ, ತಳವೂ ಗೋಡೆಯಷ್ಟೇ. ಅಕ್ಕ ಹೇಳಿದಂತೆ ಎರಡನ್ನು ಹಂಡೆಯಲ್ಲಿ ಕುದಿಸಿದೆ, ಎರಡನ್ನು ಹಾಗೆಯೇ ಕಾಗದ ಸುತ್ತಿ ಇಟ್ಟೆ. ಒಂದರ ತೂಕ ಹೀಗಿತ್ತು: ಜೂನ್ ಕೊನೆಗೆ 1,640 ಗ್ರಾಂ, ಆಗಸ್ಟಿನಲ್ಲಿ 1,310, ಸೆಪ್ಟೆಂಬರ್ ಪೂರ್ತಿ 1,270ರಲ್ಲೇ ನಿಂತಿತ್ತು. ಮಾಸ್ತರರ ಮಾತು ನೆನಪಿಟ್ಟು ಕೈ ಹಚ್ಚಲಿಲ್ಲ. ಮಳೆ ಹೋದ ಮೇಲೆ ಮತ್ತೆ ಇಳಿಯತೊಡಗಿ ಈಗ 1,150. ಕುದಿಸದ ಎರಡರಲ್ಲಿ ಒಂದಕ್ಕೆ ಬಾಯಿಯ ಬಳಿ ಸಣ್ಣ ಬಿರುಕು ಬಂದಿದೆ, ಉಳಿದ ಮೂರೂ ಗಟ್ಟಿ.

ನಿನ್ನೆ ಮೊದಲನೆಯದನ್ನು ಮುಗಿಸಿದೆ. ಉದ್ದ ಅಗಲಗಳಲ್ಲಿ 9 ಮಿಲಿಮೀಟರ್ ವ್ಯತ್ಯಾಸ ಬಂದಿತ್ತು, ಮಾಸ್ತರರ ಲೆಕ್ಕಕ್ಕೆ ಒಂದೇ ಮಿಲಿಮೀಟರ್ ಕಡಿಮೆ. ಗೋಡೆ 9 ಮಿಲಿಮೀಟರ್, ಬಾಯಿಯ ಅಂಚು ತುಸು ಉಬ್ಬು, ಪೀಠ ಮೂರೂಕಾಲು ಅಂಗುಲ. ಆಕಾರಕ್ಕೆ ಅಮ್ಮನ ಸರ ಹಿಡಿದೆ. ಬೆರಳು ಜಾರಿಸಿದರೆ ತಳದ ಹತ್ತಿರ ಇನ್ನೂ ಒಂದು ಕೂದಲೆಳೆ ದಪ್ಪ ಸಿಗುತ್ತದೆ, ಮುಂದಿನದರಲ್ಲಿ ತಿದ್ದುತ್ತೇನೆ. ಅಮ್ಮ ಕೂಡಲೇ ಅದರಲ್ಲಿ ಅಕ್ಕಿಹಿಟ್ಟು ಕಲಸಿ ನೋಡಿದರು. ಮರಿಗೆಗಿಂತ ಹಗುರ, ಆದರೆ ಕಲಸುವಾಗ ಸರಿಯುತ್ತದೆ ಎಂದರು.

ಐದನೆಯ ತುಂಡನ್ನು ಮಡಕಶಿರಾದವರ ರೀತಿಯಲ್ಲಿ ಹಸಿಯಾಗಿರುವಾಗಲೇ 3 ಮಿಲಿಮೀಟರಿಗೆ ತಂದಿದ್ದೆ. ಬಾಯಿ ಹೂವಿನ ಎಸಳಿನ ಹಾಗೆ ಎರಡು ಕಡೆ ಎದ್ದಿದೆ, ಎಲ್ಲೂ ಸೀಳಿಲ್ಲ. ಹಣ್ಣಿನ ತಂಗಿ ಅದನ್ನು ಆಗಲೇ ಬೆಂಗಳೂರಿಗೆ ಕೊಂಡುಹೋದಳು.

ಮುಳ್ಳೇರಿಯದ ಅಕ್ಕ

ಸರಿಯುವುದಕ್ಕೆ ಪೀಠ ಕಿರಿದಾದದ್ದು ಕಾರಣ. ಹಿಟ್ಟಿನ ಇನ್ನೊಂದಕ್ಕೆ ನಾಲ್ಕು ಅಂಗುಲ ಕೊಡಿ. ನೋಟ ಸ್ವಲ್ಪ ಭಾರವಾಗುತ್ತದೆ, ಪರವಾಗಿಲ್ಲ.

ಬೇವಿನಕಟ್ಟೆ, ಮಡಕಶಿರಾ

ತಂಗಿಯ ಬೋಗುಣಿಯ ಚಿತ್ರ ಹಾಕಿ, ದಯವಿಟ್ಟು.

ಉಳಿ ಹಿಡಿದವ, ಪೆರ್ಲ

ಭಾವ, ಬಾಯಿ ಬಿರುಕು ಬಿಟ್ಟದ್ದನ್ನು ಸೌದೆಗೆ ಹಾಕಬೇಡಿ. ಬಿರುಕು ಎಷ್ಟು ಆಳಕ್ಕೆ ಹೋಗಿದೆ? ಅರ್ಧ ಅಂಗುಲದೊಳಗೆ ಇದ್ದರೆ ಬಾಯಿಯನ್ನು ಅಷ್ಟು ಕೆಳಗಿಳಿಸಿ ಅಗಲ ಬಟ್ಟಲು ಮಾಡಬಹುದು. ಅಳೆದು ಹೇಳಿ.